ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಕೆಲಸಕ್ಕೆ ಮುಂಬಯಿ, ಪುಣೆ, ಗೋವಾಗಳಲ್ಲಿ ಇಷ್ಟೊಂದು ವೇತನ ವ್ಯತ್ಯಾಸವೇಕೆ?

ನೆರೂಲ್ ದಾದಿ
ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನವಿ ಮುಂಬಯಿಗೆ ಬಂದು ಆರು ವರ್ಷ ಐಸಿಯುವಿನಲ್ಲಿ ದುಡಿದೆ. ಆಮೇಲೆ ಕೆಲಸ ಬಿಟ್ಟು ಎಂ.ಎಸ್ಸಿ. ಮಾಡಿಕೊಂಡೆ. ರಾತ್ರಿ ಪಾಳಿ ಇನ್ನು ಸಾಕು, ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಕಲಿಸುವ ಕೆಲಸಕ್ಕೆ ಸೇರೋಣ ಎಂದು ಮೂರು ಕಾಲೇಜುಗಳಲ್ಲಿ ಸಂದರ್ಶನ ಕೊಟ್ಟೆ. ನವಿ ಮುಂಬಯಿಯವರು ತಿಂಗಳಿಗೆ 38,000 ಎಂದರು, ಪುಣೆಯವರು 34,000 ಎಂದರು, ಗೋವಾದವರು 31,000 ಮತ್ತು ಇರಲು ಒಂದು ಕೋಣೆ ಎಂದರು. ಊರಿನಲ್ಲಿ ನನ್ನ ಜೊತೆಗೇ ಓದಿದ ಗೆಳತಿಗೆ ಇದೇ ಕೆಲಸಕ್ಕೆ 22,000 ಸಿಗುತ್ತಿದೆ.

ಕೆಲಸ ನೋಡಿದರೆ ಎಲ್ಲ ಕಡೆಯೂ ಅದೇ. ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿರಬೇಕು, ಹುಡುಗಿಯರು ಮಾಡುವ ಪ್ರತಿಯೊಂದು ಪ್ರೊಸೀಜರ್ ಪಕ್ಕದಲ್ಲಿ ನಿಂತು ನೋಡಬೇಕು, ಲಾಗ್ ಬುಕ್ಕಿಗೆ ಸಹಿ ಹಾಕಬೇಕು. ಹೀಗಿರುವಾಗ ಊರಿಂದೂರಿಗೆ ಪಗಾರ ಬದಲಾಗುವುದಕ್ಕೆ ನಿಯಮವೇನಾದರೂ ಇದೆಯೋ ಅಥವಾ ಆಡಳಿತದವರು ಬಾಯಿಗೆ ಬಂದ ಅಂಕಿ ಹೇಳುತ್ತಾರೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ವಾಸ್ಕೊ ಸಿಸ್ಟರ್
ಮೊದಲು ಒಂದು ಮಾತು ಹೇಳಮ್ಮ: ಆ 38,000 ಕೈಗೆ ಬರುವ ಹಣವೋ, ಸಿಟಿಸಿಯೋ (ಅಂದರೆ ನಿನಗಾಗಿ ಕಾಲೇಜು ಮಾಡುವ ಒಟ್ಟು ಖರ್ಚೋ)?

ನೆರೂಲ್ ದಾದಿ
ಸಿಟಿಸಿ ಅಕ್ಕ. ಪಿ.ಎಫ್.ನ ಎರಡೂ ಪಾಲು ಮತ್ತು ಗ್ರಾಚ್ಯುಯಿಟಿ ಅದರಲ್ಲೇ ಸೇರಿವೆಯಂತೆ.

ದಾದರ್ ಲೆಕ್ಕಿಗ
ನಾನು ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಇದ್ದವನು, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಪಿ.ಎಫ್. ಅನ್ನು 15,000ದ ಮಿತಿಯ ಮೇಲೆ ಕಟ್ಟುತ್ತಾರೆ ಎಂದುಕೊಂಡರೆ ಶೇ. 12ರಂತೆ ನಿಮ್ಮ ಪಾಲು 1,800, ಅವರ ಪಾಲು 1,800. ಎರಡೂ ನಿಮ್ಮ ಸಿಟಿಸಿಯಿಂದಲೇ ಹೋದರೆ 3,600 ಆಯಿತು. ಮೂಲವೇತನ 19,000 ಎಂದು ಹಿಡಿದರೆ ಗ್ರಾಚ್ಯುಯಿಟಿಯ ಹೆಸರಿನಲ್ಲಿ ಶೇ. 4.81, ಅಂದರೆ ಸುಮಾರು 914 ರೂಪಾಯಿಯನ್ನು ತೆಗೆದಿಡುತ್ತಾರೆ. ಮಹಾರಾಷ್ಟ್ರದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. (ಮಹಿಳೆಯರಿಗೆ 25,000ದವರೆಗೆ ಆ ತೆರಿಗೆ ಇಲ್ಲ, ಆದರೆ ನೀವು ಆ ಗೆರೆ ದಾಟಿದ್ದೀರಿ.) ಉಳಿದದ್ದು 33,286. ಖಾಯಂ ನೌಕರಿಯಲ್ಲಿ ಗ್ರಾಚ್ಯುಯಿಟಿ ಕೈಗೆ ಬರಲು ಐದು ವರ್ಷ ತುಂಬಬೇಕು. ಎರಡೇ ವರ್ಷಕ್ಕೆ ಬಿಟ್ಟು ಹೋಗುವವರ ಸಿಟಿಸಿಯಲ್ಲಿ ಅದನ್ನು ಬರೆದು ತೋರಿಸುವುದು ನನ್ನ ದೃಷ್ಟಿಯಲ್ಲಿ ಅಂಗೈಯಲ್ಲಿ ಬೆಣ್ಣೆಯ ಚಿತ್ರ ಬರೆದುಕೊಟ್ಟಂತೆ.

ಗೋವಾದವರು ಹೇಳಿದ 31,000 ಕೂಡ ಸಿಟಿಸಿಯೇ ಎಂದು ಕೇಳಿಕೊಳ್ಳಿ. ಒಂದು ಕಡೆ ಸಿಟಿಸಿ, ಇನ್ನೊಂದು ಕಡೆ ಕೈಗೆ ಬರುವ ಸಂಬಳ, ಇವೆರಡನ್ನು ತೂಗಿ ನೋಡಿದರೆ ತಕ್ಕಡಿಯೇ ಸುಳ್ಳು ಹೇಳುತ್ತದೆ.

ಪರೇಲ್ ಪಾಳಿ
ನಿಯಮ ಇದೆಯೇ ಎಂದು ಕೇಳಿದ್ದೀರಿ. ಸರಕಾರಿ ವ್ಯವಸ್ಥೆಯಲ್ಲಿ ಖಂಡಿತವಾಗಿ ಇದೆ. ನಾನು ಕೇಂದ್ರ ಸರಕಾರದ ವೇತನ ಪಡೆಯುವ ಸಂಸ್ಥೆಯಲ್ಲಿದ್ದೇನೆ. ಏಳನೆಯ ವೇತನ ಆಯೋಗದ ಪ್ರಕಾರ ನರ್ಸಿಂಗ್ ಆಫೀಸರ್ 7ನೆಯ ಹಂತದಲ್ಲಿ 44,900ರಿಂದ ಆರಂಭಿಸುತ್ತಾರೆ. ವಾರ್ಡಿನ ಮೇಲ್ವಿಚಾರಣೆ ನೋಡುವ ಸೀನಿಯರ್ ನರ್ಸಿಂಗ್ ಆಫೀಸರ್ 8ನೆಯ ಹಂತದಲ್ಲಿ 47,600ರಿಂದ, ಅಸಿಸ್ಟೆಂಟ್ ನರ್ಸಿಂಗ್ ಸೂಪರಿಂಟೆಂಡೆಂಟ್ 9ನೆಯ ಹಂತದಲ್ಲಿ 53,100ರಿಂದ ಆರಂಭಿಸುತ್ತಾರೆ. ಈ ಅಂಕಿಗಳು ದೇಶದ ಯಾವ ಮೂಲೆಗೆ ಹೋದರೂ ಬದಲಾಗುವುದಿಲ್ಲ. ಬದಲಾಗುವುದು ಮನೆ ಬಾಡಿಗೆ ಭತ್ಯೆ ಮಾತ್ರ. ಅದಕ್ಕಾಗಿ ಊರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಎಕ್ಸ್, ವೈ, ಝಡ್ ಎಂದು ವಿಂಗಡಿಸಿದ್ದಾರೆ. ಮುಂಬಯಿ ಮತ್ತು ಪುಣೆ ಎಕ್ಸ್ ವರ್ಗದ ನಗರಗಳಾದ್ದರಿಂದ ಶೇ. 24, ಗೋವಾ ಝಡ್ ವರ್ಗವಾದ್ದರಿಂದ ಶೇ. 8.

ಬಾಂಬೋಳಿ ಬಸ್ಸಿನವ
ಪರೇಲ್ ಅವರೇ, ತಮ್ಮ ಮಾತಿನಲ್ಲಿ ಎರಡು ತಿದ್ದುಪಡಿಗಳಿವೆ. ಮೊದಲನೆಯದಾಗಿ, 24, 16, 8 ಎಂಬುದು ಹಳೆಯ ದರ. ತುಟ್ಟಿಭತ್ಯೆ ಶೇ. 50 ಮುಟ್ಟಿದ 2024ರ ಜನವರಿಯಿಂದ ಅದು 30, 20, 10 ಆಗಿದೆ. ಎರಡನೆಯದಾಗಿ, ಗೋವಾಕ್ಕೆ ಝಡ್ ದರವಲ್ಲ. ಶಿಲ್ಲಾಂಗ್ ಮತ್ತು ಪೋರ್ಟ್ ಬ್ಲೇರ್‌ಗಳಂತೆ ಗೋವಾದಲ್ಲಿರುವ ಕೇಂದ್ರ ನೌಕರರಿಗೂ ವಿಶೇಷ ಆದೇಶದ ಮೂಲಕ ವೈ ವರ್ಗದ ದರವನ್ನೇ ಕೊಡುತ್ತಾರೆ. ಅಂದರೆ ನಮ್ಮ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಮೈಸೂರು, ಕಲಬುರಗಿಗಳಿಗೆ ಸಿಗುವಷ್ಟೇ ಇಲ್ಲಿಯೂ ಸಿಗುತ್ತದೆ. ಕರ್ನಾಟಕದಲ್ಲಿ ಎಕ್ಸ್ ಎಂದರೆ ಬೆಂಗಳೂರು ಒಂದೇ.

47,600ರ ಮೂಲವೇತನದ ಮೇಲೆ ಮುಂಬಯಿಯಲ್ಲಿ ಬಾಡಿಗೆ ಭತ್ಯೆ 14,280, ಗೋವಾದಲ್ಲಿ 9,520. ಇದರ ಮೇಲೆ ಪ್ರಯಾಣ ಭತ್ಯೆ ಮುಂಬಯಿ, ಪುಣೆಗಳಲ್ಲಿ 3,600 ಮತ್ತು ಅದರ ತುಟ್ಟಿಭತ್ಯೆ. ಗೋವಾದಲ್ಲಿ ಅದರ ಅರ್ಧ. ಒಟ್ಟಿಗೆ ಏಳೂವರೆ ಸಾವಿರದ ಆಸುಪಾಸಿನ ಅಂತರ, ಅಷ್ಟೇ. 7,200 ಇದ್ದ ನರ್ಸಿಂಗ್ ಭತ್ಯೆ ಅದೇ ಜನವರಿಯಲ್ಲಿ 9,000 ಆಯಿತು. ಅದು ಎಲ್ಲ ಊರಿಗೂ ಒಂದೇ.

ಪರೇಲ್ ಪಾಳಿ
ಒಪ್ಪಿದೆ. ನನ್ನ ಪೇ ಸ್ಲಿಪ್ಪನ್ನೇ ಸರಿಯಾಗಿ ನೋಡಿಲ್ಲ ಎಂದಾಯಿತು. ಗೋವಾದ ವಿಚಾರ ಈಗಷ್ಟೇ ತಿಳಿಯಿತು.

ಪುಣೆಯ ಪಾಠಗಾರ್ತಿ
ಸರಕಾರಿ ಲೆಕ್ಕವೆಲ್ಲ ಸರಿ, ಆದರೆ ಈ ತಂಗಿ ಹೋಗುತ್ತಿರುವುದು ಖಾಸಗಿ ಕಾಲೇಜಿಗೆ. ಅಲ್ಲಿ ಎಕ್ಸ್ ಇಲ್ಲ, ವೈ ಇಲ್ಲ. ಇರುವುದು ಒಂದೇ ಲೆಕ್ಕ: ಈಕೆ ಬೇಡ ಎಂದರೆ ಅದೇ ವಾರದಲ್ಲಿ ಇನ್ನೊಬ್ಬಳು ಸಿಗುತ್ತಾಳೋ ಇಲ್ಲವೋ. ಮಂಗಳೂರು, ಉಡುಪಿಗಳ ಸುತ್ತ ನರ್ಸಿಂಗ್ ಕಾಲೇಜುಗಳು ಎಷ್ಟಿವೆ ಎಂಬುದು ನಿಮಗೇ ಗೊತ್ತು. ವರ್ಷಕ್ಕೊಮ್ಮೆ ಅಷ್ಟೂ ಕಡೆಯಿಂದ ಎಂ.ಎಸ್ಸಿ. ಮುಗಿಸಿದವರು ಹೊರಗೆ ಬರುತ್ತಾರೆ, ಅವರಲ್ಲಿ ಅನೇಕರಿಗೆ ಮನೆಯ ಕಾರಣದಿಂದ ಊರು ಬಿಡಲಾಗುವುದಿಲ್ಲ. ಹಾಗಾಗಿ ನಿಮ್ಮ ಗೆಳತಿ 22,000ಕ್ಕೆ ಒಪ್ಪಿದ್ದಾರೆ. ಆಕೆಯ ವಿದ್ಯೆ ಕಡಿಮೆ ಎಂದಲ್ಲ, ಬಾಗಿಲಲ್ಲಿ ಕಾಯುವವರು ಹೆಚ್ಚು ಎಂದು.

ಪಗಾರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಒಬ್ಬರ ಕೈಗೆ ಎಷ್ಟು ವಿದ್ಯಾರ್ಥಿಗಳು? ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಬೋಧಕರು ಮತ್ತು ವಿದ್ಯಾರ್ಥಿಗಳ ಅನುಪಾತ 1:10. ನಾನು ಹಿಂದೆ ಇದ್ದ ಕಾಲೇಜಿನಲ್ಲಿ (ಹೆಸರು ಬೇಡ, ಇನ್ನೂ ಅನುಭವ ಪತ್ರ ಬರಬೇಕಿದೆ) ಕಾಗದದ ಮೇಲೆ ಈ ಅನುಪಾತ ಅಚ್ಚುಕಟ್ಟಾಗಿತ್ತು; ಇನ್‌ಸ್ಪೆಕ್ಷನ್ ದಿನ ನಾನು ಎಂದೂ ನೋಡದ ಐದು ಜನ ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಕುಳಿತಿದ್ದರು. ಮರುದಿನ ಮೆಡಿಕಲ್ ವಾರ್ಡಿನಲ್ಲಿ ಇಪ್ಪತ್ತನಾಲ್ಕು ಹುಡುಗಿಯರಿಗೆ ನಾನೊಬ್ಬಳೇ.

ಇಪ್ಪತ್ತನಾಲ್ಕು ಎಂದರೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಏಳಕ್ಕೆ ಹ್ಯಾಂಡ್‌ಓವರ್ ನಡೆಯುತ್ತಿರುವಾಗಲೇ ಆರು ಜನ ಬಿ.ಪಿ. ಯಂತ್ರಕ್ಕಾಗಿ ಜಗಳ ಆಡುತ್ತಿರುತ್ತಾರೆ, ವಾರ್ಡಿನಲ್ಲಿ ಇರುವುದು ಎರಡು. ನಾನು ಮೂರನೆಯ ಹಾಸಿಗೆಯ ಬಳಿ ಒಬ್ಬಳಿಗೆ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ) ಹಾಕುವುದನ್ನು ತೋರಿಸುತ್ತಿದ್ದೆ. ಆಗ ಹದಿನೇಳನೆಯ ಹಾಸಿಗೆಯಲ್ಲಿ ಎರಡನೆಯ ಸೆಮಿಸ್ಟರಿನ ಹುಡುಗಿಯೊಬ್ಬಳು ಇನ್ಸುಲಿನ್ ಸಿರಿಂಜ್ ಇಲ್ಲವೆಂದು ಸಾಧಾರಣ ಸಿರಿಂಜಿನಲ್ಲಿ ಔಷಧಿ ಎಳೆದುಕೊಂಡು ನಿಂತಿದ್ದಳು. ಯೂನಿಟ್ಟಿನ ಗೆರೆ ಇಲ್ಲದ ಸಿರಿಂಜಿನಲ್ಲಿ ಅವಳು ಎಳೆದದ್ದು ಒಂದು ಮಿಲಿ. ಆ ಬಾಟಲಿಯಲ್ಲಿ ಒಂದು ಮಿಲಿಗೆ 40 ಯೂನಿಟ್, ವೈದ್ಯರು ಬರೆದದ್ದು 10. ರೋಗಿಯ ಮಗಳು 'ಇಷ್ಟೊಂದಾ?' ಎಂದು ಮರಾಠಿಯಲ್ಲಿ ಜೋರಾಗಿ ಕೇಳಿದ್ದರಿಂದ ನಾನು ಓಡಿಹೋಗಿ ಕೈ ಹಿಡಿದೆ. ಅಂದು ಏನಾದರೂ ಆಗಿದ್ದರೆ ಲಾಗ್ ಬುಕ್ಕಿನಲ್ಲಿ ಇರುತ್ತಿದ್ದದ್ದು ನನ್ನ ಸಹಿ, ಕಾಗದದ ಮೇಲಿನ ಆ ಐವರದ್ದಲ್ಲ. ಆದ್ದರಿಂದ ತಂಗಿ, 34,000ವನ್ನು ಹತ್ತು ಮಂದಿಯಿಂದ ಭಾಗಿಸುತ್ತೀರೋ ಇಪ್ಪತ್ತನಾಲ್ಕರಿಂದ ಭಾಗಿಸುತ್ತೀರೋ ನೋಡಿಕೊಳ್ಳಿ.

ದಾದರ್ ಲೆಕ್ಕಿಗ
ಹತ್ತರಿಂದ ಭಾಗಿಸಿದರೆ 3,400, ಇಪ್ಪತ್ತನಾಲ್ಕರಿಂದ ಭಾಗಿಸಿದರೆ 1,417. ಇಂಥ ಲೆಕ್ಕವನ್ನು ನನ್ನ ಹಳೆಯ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ.

ಹುಬ್ಬಳ್ಳಿ ಬ್ರದರ್
ಪುಣೆಯ ಅಕ್ಕನವರ ಮಾತನ್ನು ಮುಕ್ಕಾಲು ಒಪ್ಪುತ್ತೇನೆ, ಆದರೆ ಜನ ಸಿಗುವುದು ಬಿಡುವುದು ಒಂದರಿಂದಲೇ ಪಗಾರ ತೀರ್ಮಾನವಾಗುತ್ತದೆ ಎನ್ನುವುದು ಸರಿಯಲ್ಲ. ಹಾಗಿದ್ದರೆ ನಾನಿರುವ ಗೋವಾದಲ್ಲಿ ಕಾಲೇಜುಗಳೇ ಕಡಿಮೆ, ಕಲಿಸುವವರೂ ಕಡಿಮೆ. ಪಗಾರ ಮುಂಬಯಿಗಿಂತ ಮೇಲೆ ಇರಬೇಕಿತ್ತು. ಇಲ್ಲವಲ್ಲ! ಕಾಲೇಜು ಕಡಿಮೆ ಎಂದರೆ ನಮಗೆ ಬಿಟ್ಟು ಹೋಗಲು ಇನ್ನೊಂದು ಬಾಗಿಲೂ ಇಲ್ಲ ಎಂದರ್ಥ. ಮುಂಬಯಿಯಲ್ಲಿ ಒಬ್ಬರೊಡನೆ ಜಗಳವಾದರೆ ಎರಡು ಸ್ಟೇಷನ್ ಆಚೆ ಇನ್ನೊಬ್ಬರ ಬಳಿ ಹೋಗಬಹುದು. ಇಲ್ಲಿ ಪ್ರಾಂಶುಪಾಲರೊಡನೆ ಮಾತು ಬೆಳೆದರೆ ಮುಂದಿನ ಗಾಡಿ ಲೋಂಡಾ ದಾಟಿ ಹುಬ್ಬಳ್ಳಿಗೇ.

ನನ್ನ ದೂರು ಬೇರೊಂದಿದೆ. ವಾಸ್ಕೊ, ಬಾಯ್ನಾ, ಝುವಾರಿನಗರಗಳ ಕಡೆಯಿಂದ ಬರುವ ರೋಗಿಗಳಲ್ಲಿ ಎಷ್ಟೋ ಜನ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದವರು. 'ತೆಲಿ ಗಿರ್ ಅಂತೈತಿ, ಹೊಟ್ಟ್ಯಾಗ ತಳಮಳ' ಎಂದು ಮುದುಕಿ ಹೇಳಿದರೆ ಕೊಂಕಣಿ ಹುಡುಗಿಯರು ನನ್ನ ಮುಖ ನೋಡುತ್ತಾರೆ. ಹಿಸ್ಟರಿ ತೆಗೆಯುವುದನ್ನು ಕಲಿಸುವವನೂ ನಾನೇ, ದುಭಾಷಿಯೂ ನಾನೇ, ಒಮ್ಮೊಮ್ಮೆ ಒಪ್ಪಿಗೆ ಪತ್ರ ಓದಿ ಹೇಳುವವನೂ ನಾನೇ. ಇದಕ್ಕೊಂದು ಭತ್ಯೆ ಕೊಡಿ ಎಂದು ಕೇಳಿದ್ದಕ್ಕೆ ಆಡಳಿತದವರು 'ಕನ್ನಡ ಬರುವುದು ನಿಮಗೆ ಕಷ್ಟವೇನಲ್ಲವಲ್ಲ' ಎಂದರು.

ವಾಸ್ಕೊ ಸಿಸ್ಟರ್
ತಮ್ಮಾ, ಆ ಉತ್ತರ ನನಗೂ ಸಿಕ್ಕಿದೆ, ಅಕ್ಷರವೂ ಬದಲಾಗದೆ.

ನೆರೂಲ್ ತಂಗಿಗೆ ಗೋವಾದ ಕೋಣೆಯ ವಿಷಯ ಹೇಳುತ್ತೇನೆ. 31,000 ಕಡಿಮೆ ಎಂದು ಮೂಗು ಮುರಿಯಬೇಡ. ಇಲ್ಲಿ ಮನೆ ಮಾಲೀಕರಿಗೆ ಪ್ರವಾಸಿಗರಿಂದ ದಿನದ ಲೆಕ್ಕದಲ್ಲಿ ಬರುವ ದುಡ್ಡಿನ ರುಚಿ ಹತ್ತಿದೆ. ಕರಾವಳಿಯ ಕಡೆ ಒಂಟಿ ಹೆಣ್ಣುಮಗಳಿಗೆ ವರ್ಷವಿಡೀ ಬಾಡಿಗೆಗೆ ಮನೆ ಹುಡುಕುವುದೆಂದರೆ ಚಪ್ಪಲಿ ಸವೆಯುತ್ತದೆ. ಕೋಣೆ ಸಿಕ್ಕಿದರೆ ಅದನ್ನು ಪಗಾರಕ್ಕೆ ಕೂಡಿಸಿಯೇ ನೋಡು. ಹಾಗೆಯೇ ಇಲ್ಲಿ ಖಾಸಗಿಗೆ ಬಂದು ಆಮೇಲೆ ಸರಕಾರಿಗೆ ಹಾರೋಣ ಎಂಬ ಯೋಚನೆ ಇದ್ದರೆ ಬಿಟ್ಟುಬಿಡು. ಗೋವಾ ಸರಕಾರ ಕೇಂದ್ರದ ವೇತನ ಶ್ರೇಣಿಯನ್ನೇ ಅನುಸರಿಸುತ್ತದೆ, ಬಾಂಬೋಳಿಯ ಸರಕಾರಿ ಮೆಡಿಕಲ್ ಕಾಲೇಜಿನ ಹುದ್ದೆಗಳ ಮೇಲೆ ಎಲ್ಲರಿಗೂ ಕಣ್ಣಿದೆ. ಆದರೆ ಹದಿನೈದು ವರ್ಷ ಇಲ್ಲಿ ವಾಸವಿದ್ದ ಪ್ರಮಾಣಪತ್ರ ಮತ್ತು ಕೊಂಕಣಿ ಜ್ಞಾನ ಕೇಳುತ್ತಾರೆ.

ನೆರೂಲ್ ದಾದಿ
ಕೊಂಕಣಿ ಬರುತ್ತದೆ ಅಕ್ಕ, ಮನೆ ಮಾತೇ ಅದು. ಹದಿನೈದು ವರ್ಷ ಮಾತ್ರ ಇಲ್ಲ.

ಮಾಟುಂಗಾ ಮಾವ
ಇಲ್ಲಿ ಎಲ್ಲರೂ ಮರೆತ ಒಂದು ವಿಷಯವಿದೆ. ನರ್ಸುಗಳ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ಆದೇಶದಂತೆ ಕೇಂದ್ರ ಸರಕಾರ ಒಂದು ಸಮಿತಿ ರಚಿಸಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ನರ್ಸುಗಳ ವೇತನ ಆಯಾ ರಾಜ್ಯದ ಸರಕಾರಿ ನರ್ಸಿನ ವೇತನಕ್ಕೆ ಸಮನಾಗಿರಬೇಕು, ನೂರಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ರಿಂದ 100 ಹಾಸಿಗೆಗಳಿದ್ದರೆ ಶೇ. 25ಕ್ಕೂ ಹೆಚ್ಚು ಕಡಿಮೆಯಾಗಬಾರದು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ 20,000ಕ್ಕಿಂತ ಕೆಳಗೆ ಇಳಿಯಕೂಡದು ಎಂದು ಅದು ಹೇಳಿತು. ಹಾಗಾಗಿ ಅಂತರವು ಹಾಸಿಗೆಗಳ ಸಂಖ್ಯೆಯಿಂದ ಬರಬೇಕೇ ಹೊರತು ಊರಿನ ಹೆಸರಿನಿಂದಲ್ಲ. ಇದನ್ನು ಹಿಡಿದು ವಾದಿಸಿ.

ಪುಣೆಯ ಪಾಠಗಾರ್ತಿ
ಮಾವ, ತಾವು ಹೇಳಿದ ಅಂಕಿಗಳು ಸರಿ, ಆದರೆ ಅದು ಶಿಫಾರಸು. ಜಾರಿಗೆ ತರಬೇಕಾದವರು ರಾಜ್ಯಗಳು. ಜೊತೆಗೆ ಅದು ಆಸ್ಪತ್ರೆಯ ನರ್ಸಿಗೆ ಸಂಬಂಧಿಸಿದ್ದು. ಕಾಲೇಜಿನ ಟ್ಯೂಟರ್ (ಅಂದರೆ ನಮ್ಮಂಥ ಇನ್‌ಸ್ಟ್ರಕ್ಟರ್) ಹೋಗಿ ಅದನ್ನು ತೋರಿಸಿದರೆ 'ನೀವು ನರ್ಸ್ ಅಲ್ಲ, ಬೋಧಕ ಸಿಬ್ಬಂದಿ' ಎನ್ನುತ್ತಾರೆ. ಅದೇ ಟ್ಯೂಟರ್ ಕಾಲೇಜಿನ ಬೋಧಕರಿಗೆ ಸಿಗುವ ರಜೆ ಕೇಳಿದರೆ 'ನೀವು ಕ್ಲಿನಿಕಲ್ ಸಿಬ್ಬಂದಿ' ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ.

ಮಾಟುಂಗಾ ಮಾವ
ಶಿಫಾರಸು ಎಂದು ಗೊತ್ತು ಮಾರಾಯರೇ. ಆದರೂ ಸಂದರ್ಶನದಲ್ಲಿ ಅದನ್ನು ಎತ್ತಿ ಆಡಿದರೆ ಎದುರಿಗಿರುವವರು ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುತ್ತಾರೆ.

ಘಾಟ್ಕೋಪರ್ ವಾರ್ಡ್
ನೀವೆಲ್ಲ ಕಾಲೇಜಿನ ಪಟ್ಟಿಯಲ್ಲಿರುವ ಮೇಲ್ವಿಚಾರಕರ ಮಾತಾಡುತ್ತಿದ್ದೀರಿ. ನಾನು ಹದಿನಾಲ್ಕು ವರ್ಷಗಳಿಂದ ಸಿಸ್ಟರ್ ಇನ್‌ಚಾರ್ಜ್. ಹೊರಗಿನ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳ ಪೋಸ್ಟಿಂಗಿಗಾಗಿ ನಮ್ಮ ಆಸ್ಪತ್ರೆಗೆ ತಲೆಗೆ ಇಷ್ಟು ಎಂದು ಶುಲ್ಕ ಕಟ್ಟುತ್ತವೆ. ಅವರೊಡನೆ ಬರಬೇಕಾದ ಟ್ಯೂಟರ್ ಒಂಬತ್ತೂವರೆಗೆ ಬಂದು ಹಾಜರಿ ತೆಗೆದುಕೊಂಡು ಚಹಾಕ್ಕೆ ಹೋಗುತ್ತಾರೆ. ಡ್ರೆಸಿಂಗ್ ಟ್ರೇಯಲ್ಲಿ ಚಿಮಟ ಹಿಡಿಯುವ ರೀತಿ ಕಲಿಸುವವಳು ನಾನು. ಆ ಶುಲ್ಕದಲ್ಲಿ ನನಗೆ ಬರುವ ಪಾಲು ವರ್ಷಕ್ಕೊಮ್ಮೆ ನರ್ಸುಗಳ ದಿನದಂದು ಒಂದು ಗುಲಾಬಿ ಹೂ. ಪ್ರಾದೇಶಿಕ ವ್ಯತ್ಯಾಸ ಕೇಳಿದಿರಿ. ಸೊನ್ನೆಗೆ ಪ್ರಾದೇಶಿಕ ವ್ಯತ್ಯಾಸವಿಲ್ಲ.

ಪುಣೆಯ ಪಾಠಗಾರ್ತಿ
ಚಹಾಕ್ಕೆ ಹೋಗುವ ಟ್ಯೂಟರ್ ನಾನಲ್ಲ ಅಕ್ಕ, ಆದರೆ ಅಂಥವರಿದ್ದಾರೆ ಎಂಬುದನ್ನು ಅಲ್ಲಗಳೆಯಲಾರೆ.

ಠಾಣೆ ಅಣ್ಣ
ನನ್ನ ತಂಗಿ ಲಂಡನ್ನಿನ ಎನ್‌ಎಚ್‌ಎಸ್ (ಅಲ್ಲಿಯ ಸರಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಇದೇ ಬಗೆಯ ಕೆಲಸ ಮಾಡುತ್ತಾಳೆ. ಅಲ್ಲಿ 2004ರಿಂದ ಬ್ಯಾಂಡ್ ಪದ್ಧತಿ, ಅಂದರೆ ಹುದ್ದೆಗಳನ್ನು ವೇತನ ಶ್ರೇಣಿಗಳಾಗಿ ವಿಂಗಡಿಸುವ ಪದ್ಧತಿ ಇದೆ. ಇಂಗ್ಲೆಂಡಿನಲ್ಲಿ ಒಂದು ಬ್ಯಾಂಡಿಗೆ ಒಂದೇ ಮೂಲವೇತನ. ಒಳ ಲಂಡನ್ನಿಗೆ ಶೇ. 20, ಹೊರ ಲಂಡನ್ನಿಗೆ ಶೇ. 15, ಅಂಚಿನ ಪ್ರದೇಶಕ್ಕೆ ಶೇ. 5 ಹೆಚ್ಚುವರಿ ಕೊಡುತ್ತಾರೆ, ಅದಕ್ಕೂ ಕನಿಷ್ಠ ಮತ್ತು ಗರಿಷ್ಠ ಮಿತಿಗಳಿವೆ. ನಮ್ಮ ಎಕ್ಸ್, ವೈ, ಝಡ್ ಪದ್ಧತಿಯ ಅಣ್ಣನಂತೆಯೇ ಕಾಣುತ್ತದೆ. ಆದರೆ ಅವಳು ಹೇಳುವುದೇನೆಂದರೆ, ಆ ಶೇ. 20 ಬಾಡಿಗೆಯ ಮುಂದೆ ಏನೂ ಅಲ್ಲ, ತನಗಿಂತ ಉತ್ತರದ ಊರುಗಳಲ್ಲಿರುವ ಗೆಳತಿಯರೇ ಮನೆ ಕೊಂಡರು ಎಂದು.

ಪರೇಲ್ ಪಾಳಿ
14,280ಕ್ಕೆ ಪರೇಲಿನಲ್ಲಿ ಒಂದು ಖೋಲಿ ತೋರಿಸಿ, ನಾನೇ ಬಂದು ಸೇರುತ್ತೇನೆ. ಅದಕ್ಕೇ ನಾನು ಬದಲಾಪುರದಿಂದ ಬೆಳಗಿನ ಲೋಕಲ್ ಹಿಡಿಯುತ್ತಿದ್ದೇನೆ.

ಕೋಥ್ರೂಡ್ ಆಪ್ತಸಮಾಲೋಚಕಿ
ವಿಷಯಕ್ಕೆ ಹತ್ತಿರದ ಒಂದು ಮಾತು. ಆಪ್ತಸಮಾಲೋಚನೆಯ ಕ್ಷೇತ್ರದಲ್ಲಿ ಕ್ಲಿನಿಕಲ್ ಸೂಪರ್‌ವಿಷನ್ ಎಂದರೆ ಕಿರಿಯರು ತಮ್ಮ ಕೇಸುಗಳನ್ನು ಹಿರಿಯರ ಮುಂದಿಟ್ಟು ಚರ್ಚಿಸುವುದು, ಮತ್ತು ಎಷ್ಟೋ ಸಲ ಅದರ ಶುಲ್ಕವನ್ನು ಗಂಟೆಯ ಲೆಕ್ಕದಲ್ಲಿ ಆ ಕಿರಿಯರೇ ತೆರುತ್ತಾರೆ. ಹಿಂದೆ ಮುಂಬಯಿಯವರ ದರ ಬೇರೆ, ಧಾರವಾಡದವರ ದರ ಬೇರೆ ಇತ್ತು. ವಿಡಿಯೊ ಕರೆ ಬಂದ ಮೇಲೆ ಧಾರವಾಡದ ಹುಡುಗಿಯೂ ಮುಂಬಯಿಯ ಹಿರಿಯರ ಬಳಿಗೇ ಹೋಗುತ್ತಾಳೆ, ಮುಂಬಯಿಯ ದರವನ್ನೇ ಕೊಡುತ್ತಾಳೆ. ಊರಿನ ಅಂತರ ಕರಗಿದೆ, ಆದರೆ ಅದು ಮೇಲಕ್ಕೆ ಕರಗಿದೆ.

ಹುಬ್ಬಳ್ಳಿ ಬ್ರದರ್
ನಮ್ಮ ಕೆಲಸ ವಿಡಿಯೊದಲ್ಲಿ ಆಗುವುದಿಲ್ಲ ಮೇಡಂ. ಇನ್ಸುಲಿನ್ ಹಿಡಿದ ಕೈಯನ್ನು ಝೂಮ್‌ನಲ್ಲಿ ಹಿಡಿಯಲು ಬರುವುದಿಲ್ಲ.

ನೆರೂಲ್ ದಾದಿ
ಎಲ್ಲರಿಗೂ ಧನ್ಯವಾದ. ನೀವು ಹೇಳಿದಂತೆ ಮೂರೂ ಕಾಲೇಜುಗಳಿಗೆ ಮೇಲ್ ಕಳಿಸಿ ಕೇಳಿದೆ: ಕೈಗೆ ಬರುವುದೆಷ್ಟು, ವಾರ್ಡಿನಲ್ಲಿ ನನ್ನ ಪಾಲಿಗೆ ಬರುವ ವಿದ್ಯಾರ್ಥಿಗಳೆಷ್ಟು, ಬೇಸಿಗೆ ರಜೆಯಲ್ಲಿ ಪಗಾರವುಂಟೋ ಇಲ್ಲವೋ. ನವಿ ಮುಂಬಯಿಯವರು ಫೋನ್ ಮಾಡಿ 'ಅದೆಲ್ಲ ಸೇರಿದ ಮೇಲೆ ಮಾತಾಡೋಣ' ಎಂದರು; ಮೇಲ್‌ಗೆ ಮಾತ್ರ ಉತ್ತರ ಬರಲಿಲ್ಲ. ಪುಣೆಯವರು ಕೈಗೆ 29,900, ವಿದ್ಯಾರ್ಥಿಗಳು ಹದಿನೈದು, ಹನ್ನೊಂದು ತಿಂಗಳ ಕರಾರು, ರಜೆಯ ತಿಂಗಳಿಗೆ ಪಗಾರವಿಲ್ಲ ಎಂದು ನೇರವಾಗಿ ಬರೆದರು. ಗೋವಾದವರದು ಕೈಗೆ 27,400, ವಿದ್ಯಾರ್ಥಿಗಳು ಹನ್ನೆರಡು, ಹನ್ನೆರಡು ತಿಂಗಳೂ ಪಗಾರ, ಕೋಣೆ ಉಚಿತ.

ದಾದರ್ ಲೆಕ್ಕಿಗ
ವರ್ಷದ ಲೆಕ್ಕ ಹಾಕಿ. ಪುಣೆ: 29,900 ಗುಣಿಸು 11, ಅಂದರೆ 3,28,900. ಗೋವಾ: 27,400 ಗುಣಿಸು 12, ಅಂದರೆ 3,28,800. ನೂರು ರೂಪಾಯಿಯ ವ್ಯತ್ಯಾಸ! ಅದರ ಮೇಲೆ ಪುಣೆಯಲ್ಲಿ ಬಾಡಿಗೆ ನೀವು ಕಟ್ಟಬೇಕು.

ಪುಣೆಯ ಪಾಠಗಾರ್ತಿ
ನಾನು ಪುಣೆಯವಳಾದರೂ ಹೇಳುತ್ತೇನೆ, ಗೋವಾಕ್ಕೆ ಹೋಗಿ. ಬರೆದು ಉತ್ತರ ಕೊಟ್ಟವರಲ್ಲಿ ಹನ್ನೆರಡು ಎಂದವರು ಅವರೊಬ್ಬರೇ.

ವಾಸ್ಕೊ ಸಿಸ್ಟರ್
ತಂಗೀ, ಕೋಣೆ ಎಲ್ಲಿ ಎಂದು ಕೇಳಿದೆಯಾ? ಕಾಲೇಜಿನ ಹಾಸ್ಟೆಲಿನ ಒಳಗೋ, ಹೊರಗೋ?

ನೆರೂಲ್ ದಾದಿ
ಒಳಗೆ ಅಕ್ಕ, ಮೊದಲ ಮಹಡಿಯಲ್ಲಿ, ಮೆಟ್ಟಿಲ ಪಕ್ಕದಲ್ಲೇ. ಮೇಲ್‌ನ ಕೊನೆಯ ಸಾಲಿನಲ್ಲಿ 'ಕೋಣೆಯಲ್ಲಿರುವವರು ರಾತ್ರಿ ವಿದ್ಯಾರ್ಥಿನಿಯರ ಯೋಗಕ್ಷೇಮವನ್ನೂ ನೋಡಿಕೊಳ್ಳತಕ್ಕದ್ದು' ಎಂದಿದೆ.

ವಾಸ್ಕೊ ಸಿಸ್ಟರ್
ಹಾಗಾದರೆ ಆ ಕೋಣೆಯ ಬಾಡಿಗೆಯನ್ನು ನೀನು ರಾತ್ರಿಯೆಲ್ಲ ಎದ್ದು ಕಟ್ಟುತ್ತೀಯ. ಸಹಿ ಹಾಕುವ ಮೊದಲು ವಾರ್ಡನ್ ಕೆಲಸಕ್ಕೆ ಬೇರೆ ಪಗಾರ ಎಷ್ಟು ಎಂದು ಇನ್ನೊಂದು ಮೇಲ್ ಹಾಕು.